1968 ಮಸ್ಟಾಂಗ್: ಸಿ-4 ಆಟೋಮ್ಯಾಟಿಕ್ ತೆಗೆದು ಮ್ಯಾನ್ಯುವಲ್ ಗೇರ್ ಬಾಕ್ಸ್ ಹಾಕುವುದು ಹೇಗೆ?

ವುಡ್‌ವರ್ಡ್_ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಮಿಷಿಗನ್‌ನಿಂದ ಬರೆಯುತ್ತಿದ್ದೇನೆ. ನನ್ನ ಹತ್ತಿರ 1968ರ ಫೋರ್ಡ್ ಮಸ್ಟಾಂಗ್ ಇದೆ. 302 (ಘನ ಇಂಚು) ವಿ8 ಎಂಜಿನ್, ನಾಲ್ಕು ಬ್ಯಾರಲ್ ಕಾರ್ಬುರೇಟರ್, ಮೂರು ಗೇರಿನ ಸಿ-4 ಆಟೋಮ್ಯಾಟಿಕ್. ಹಿಂದಿನ ಆಕ್ಸಲ್ 8 ಇಂಚಿನದು, ರೇಶಿಯೋ 3.00, ಅಂದರೆ ಚಕ್ರ ಒಂದು ಸುತ್ತು ತಿರುಗಲು ಡ್ರೈವ್ ಶಾಫ್ಟ್ ಮೂರು ಸುತ್ತು. ಪವರ್ ಬ್ರೇಕ್ ಇದೆ.

ಎಂಜಿನ್ ಚೆನ್ನಾಗಿದೆ, ಸಿ-4 ಕೂಡ ಕೆಟ್ಟಿಲ್ಲ. ಆದರೂ ಮ್ಯಾನ್ಯುವಲ್ ಮಾಡಬೇಕು ಅಂತ ಬಹಳ ದಿನದ ಆಸೆ. ಮೈಸೂರಿನಲ್ಲಿ ಕಾರು ಕಲಿತ ನನಗೆ ಕ್ಲಚ್ ಇಲ್ಲದ ವಿ8 ಅರ್ಧ ಗಾಡಿ ಅನ್ನಿಸುತ್ತದೆ. ಎಂಜಿನ್ ಆ ದನಿಯಲ್ಲಿ ಮೇಲಕ್ಕೆ ಏರುತ್ತಿರುವಾಗ ಗೇರ್ ಬದಲಿಸುವ ಹೊತ್ತನ್ನು ನಾನೇ ಗೊತ್ತುಮಾಡಬೇಕು.

ಯಾವ ಗೇರ್ ಬಾಕ್ಸ್ ಹಾಕಲಿ? ಮನೆಯ ಗ್ಯಾರೇಜಿನಲ್ಲಿ ಮಾಡಬಹುದಾ? ಗಾಡಿಯ ಬೆಲೆ ಬೀಳುತ್ತದಾ? ದಯವಿಟ್ಟು ತಿಳಿದವರು ಹೇಳಿ.

ಹಳೇಫೋರ್ಡ್

ಸ್ವಾಗತ ಸರ್. ಒಳ್ಳೆ ಗಾಡಿ ಇಟ್ಟಿದ್ದೀರಿ. ನಾನು 289 ಮತ್ತು 302 ಎಂಜಿನ್ನಿನ ಹಳೆ ಮಸ್ಟಾಂಗ್‌ಗಳಿಗೆ ಈ ಕೆಲಸ ಮಾಡಿದ್ದೇನೆ. ಮೊದಲೇ ಒಂದು ಮಾತು. ಎಲ್ಲರೂ ಗೇರ್ ಬಾಕ್ಸ್ ಬಗ್ಗೆ ಕೇಳುತ್ತಾರೆ. ಗೇರ್ ಬಾಕ್ಸ್ ಕೊಳ್ಳುವುದು ಈ ಕೆಲಸದಲ್ಲಿ ಸುಲಭದ ಭಾಗ. ಕಷ್ಟ ಇರುವುದು ಅದರ ಸುತ್ತಲಿನ ಸಾಮಾನಿನಲ್ಲಿ: ಪೆಡಲ್, ಕ್ಲಚ್ ಲಿಂಕೇಜ್ (ಪೆಡಲಿನಿಂದ ಕ್ಲಚ್ಚಿಗೆ ಇರುವ ಜೋಡಣೆ), ಫ್ಲೈವೀಲ್ (ಎಂಜಿನ್ನಿನ ಹಿಂದೆ ಬಿಗಿಯುವ ಭಾರದ ಚಕ್ರ), ಬೆಲ್ ಹೌಸಿಂಗ್ (ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಕ್ಲಚ್ಚನ್ನು ಮುಚ್ಚುವ ಕವಚ), ಹಿಂದಿನ ಆಕ್ಸಲ್. ಇವೆಲ್ಲ ಕೈಯಲ್ಲಿ ಇರುವ ತನಕ ಓಡುತ್ತಿರುವ ಸಿ-4ರ ಒಂದು ಬೋಲ್ಟನ್ನೂ ಸಡಿಲಿಸಬೇಡಿ.

ನಿಮಗೆ ಎರಡು ದಾರಿ ಇದೆ. ಒಂದು, ಆ ಕಾಲದ್ದೇ ಆದ ನಾಲ್ಕು ಗೇರಿನ ಟಾಪ್‌ಲೋಡರ್. ಎರಕದ ಕಬ್ಬಿಣದ ಗಟ್ಟಿ ಪೆಟ್ಟಿಗೆ. ವೈಡ್ ರೇಶಿಯೋ ಆದರೆ ಮೊದಲ ಗೇರು 2.78, ಕ್ಲೋಸ್ ರೇಶಿಯೋ ಆದರೆ 2.32. ನಾಲ್ಕನೆಯದು ನೇರ, ಅಂದರೆ 1.00. ಓವರ್‌ಡ್ರೈವ್ (ಹೈವೇಯಲ್ಲಿ ಎಂಜಿನ್ ನಿಧಾನ ಓಡಲು 1.00ಕ್ಕಿಂತ ಕಮ್ಮಿ ರೇಶಿಯೋದ ಗೇರು) ಇಲ್ಲ.

ಇನ್ನೊಂದು ಬೋರ್ಗ್-ವಾರ್ನರ್ ಟಿ-5. 1983ರಿಂದ 1993ರ ತನಕ 5.0 ಮಸ್ಟಾಂಗ್‌ಗಳಲ್ಲಿ ಬಂದ ಐದು ಗೇರಿನ ಬಾಕ್ಸ್. ಅಲ್ಯೂಮಿನಿಯಂ ಮೈ, ಹಗುರ. ವಿ8 ಟಿ-5ರಲ್ಲಿ ಸಾಮಾನ್ಯವಾಗಿ ಸಿಗುವ ರೇಶಿಯೋ 3.35, 1.93, 1.29, 1.00, 0.68. ರಸ್ತೆಯಲ್ಲಿ ಓಡಿಸುವ ಗಾಡಿಗೆ ನಾನು ಇದನ್ನೇ ಹೇಳುತ್ತೇನೆ. ಆದರೆ ಹಳೆಯದನ್ನು ಕೊಳ್ಳುವಾಗ ಹಿಂಬದಿಯ ಹೌಸಿಂಗ್ ಬೋಲ್ಟಿನಲ್ಲಿ ಸಿಕ್ಕಿಸಿರುವ ಲೋಹದ ಟ್ಯಾಗ್ ನೋಡಿ. 1352 ಅಂತ ಶುರುವಾಗುವ ನಂಬರು ಇರುತ್ತದೆ. ಅದರಿಂದ ಯಾವ ಗಾಡಿಯ ಬಾಕ್ಸ್ ಅಂತ ತಿಳಿಯಬಹುದು. ನಾಲ್ಕು ಸಿಲಿಂಡರಿನ ಗಾಡಿಯ ಟಿ-5 ಹೊರಗಿಂದ ನೋಡಲು ಹೀಗೇ ಇರುತ್ತದೆ, ಒಳಗಿನ ಗೇರು ಮಾತ್ರ ವಿ8 ತಾಳುವಂಥದ್ದಲ್ಲ. ಟ್ಯಾಗ್ ಇಲ್ಲ ಅಂದರೆ ಬಿಚ್ಚಿ ನೋಡದೆ ದುಡ್ಡು ಕೊಡಬೇಡಿ.

ಕಮಾರೊ_ಅಕ್ಕ

ನಾನು ಷೆವ್ರೊಲೆಟ್ ಕಡೆಯವಳು. ನಮ್ಮದು 1969ರ ಕಮಾರೊ, 350 ಎಂಜಿನ್. ಟರ್ಬೊ 350 ಆಟೋಮ್ಯಾಟಿಕ್ ತೆಗೆದು ಹೊಸ ಟ್ರೆಮೆಕ್ ಟಿಕೆಎಕ್ಸ್ ಹಾಕಿದ್ದೇವೆ. ಅದು 600 ಪೌಂಡ್-ಅಡಿ ಟಾರ್ಕ್ (ತಿರುಗಿಸುವ ಬಲ) ತಾಳುತ್ತದೆ ಅಂತ ಕಂಪನಿಯೇ ರೇಟ್ ಮಾಡಿದೆ. ಹಳೆ ಗಾಡಿಗಳ ಕಿರಿದಾದ ಟನಲ್‌ಗೆ (ಗೇರ್ ಬಾಕ್ಸ್ ಕೂರುವ ಫ್ಲೋರಿನ ಉಬ್ಬಿಗೆ) ಹೊಂದುವಂತೆ ಮಾಡಿರುವ ಬಾಕ್ಸ್ ಅದು. ಫೋರ್ಡ್‌ಗೂ ಬರುತ್ತದೆ. ದುಡ್ಡು ಜಾಸ್ತಿ. ಆದರೆ ಮುಂದೆ ಎಂಜಿನ್ ಶಕ್ತಿ ಹೆಚ್ಚಿಸುವ ಯೋಚನೆ ಇದ್ದರೆ ಈಗಲೇ ಅದನ್ನು ಹಾಕಿಬಿಡುವುದು ಮೇಲು.

ಇರುವ 302 ಹಾಗೇ ಇರಲಿ ಅನ್ನುವುದಾದರೆ ಟಿ-5 ಸಾಕಾಗುತ್ತದೆ ಅಲ್ವಾ, ಹಳೇಫೋರ್ಡ್ ಸರ್?

ಹಳೇಫೋರ್ಡ್

ಸಾಕು ಅಕ್ಕಾ. 1985ರಿಂದ ಬಂದ ವರ್ಲ್ಡ್ ಕ್ಲಾಸ್ ಅನ್ನುವ ಸುಧಾರಿತ ಟಿ-5ರ ರೇಟಿಂಗ್ 265 ಪೌಂಡ್-ಅಡಿ, 1990ರಿಂದ 93ರ ಮಸ್ಟಾಂಗ್‌ನದು 300. ಆಮೇಲೆ ಬಂದ ಝಡ್-ಸ್ಪೆಕ್ ಟಿ-5ರದು 330. ಅವರ ನಾಲ್ಕು ಬ್ಯಾರಲ್ 302ಗೆ 1968ರಲ್ಲಿ ಫೋರ್ಡ್ ಹೇಳಿದ್ದು 310. ಇದನ್ನು ಓದಿ ಗಾಬರಿಯಾಗಬೇಡಿ. ಆಗ ಅಮೆರಿಕದ ಕಂಪನಿಗಳು ಫ್ಯಾನು, ಏರ್ ಕ್ಲೀನರು, ಗಾಡಿಯ ಸೈಲೆನ್ಸರು ಯಾವುದೂ ಇಲ್ಲದೆ ಎಂಜಿನ್ನನ್ನು ಸ್ಟ್ಯಾಂಡಿನ ಮೇಲೆ ಓಡಿಸಿ ಅಳೆದ ಲೆಕ್ಕ ಕೊಡುತ್ತಿದ್ದವು. ಗಾಡಿಯಲ್ಲಿ ಕೂತ ಎಂಜಿನ್ನಿನ ನಿಜವಾದ ಟಾರ್ಕ್ ಅದಕ್ಕಿಂತ ಸಾಕಷ್ಟು ಕಮ್ಮಿ. ಅಗಲವಾದ ಅಂಟು ಟೈರು ಹಾಕಿ ನಿಂತಲ್ಲಿಂದ ಕ್ಲಚ್ ಥಟ್ಟನೆ ಬಿಡುವವರ ಟಿ-5 ಮುರಿಯುತ್ತದೆ. ಸಾಮಾನ್ಯ ಟೈರಿನಲ್ಲಿ ಓಡಿಸುವವರದು ವರ್ಷಗಟ್ಟಲೆ ಬರುತ್ತದೆ.

ಕ್ಯಾಲಿ_ಕನ್ನಡ

ಬೇರೆ ಮಾತು ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಆಟೋಮ್ಯಾಟಿಕ್ ಆಗಿ ಹುಟ್ಟಿದ ಗಾಡಿಯನ್ನು ಹಾಗೇ ಇಟ್ಟುಕೊಳ್ಳುವುದೂ ಒಂದು ಗೌರವ. ಸಿ-4 ಹಗುರವಾದ, ನಂಬಿಕಸ್ಥ ಬಾಕ್ಸ್. ಹೈವೇಯಲ್ಲಿ ಎಂಜಿನ್ ಕೂಗುತ್ತದೆ ಅನ್ನುವುದೇ ತೊಂದರೆ ಆಗಿದ್ದರೆ ಫೋರ್ಡ್‌ನ ಎಒಡಿ ನಾಲ್ಕು ಗೇರಿನ ಆಟೋಮ್ಯಾಟಿಕ್ ಹಾಕಬಹುದು. ನಾಲ್ಕನೆಯ ಗೇರು 0.67. ಪೆಡಲ್ ಬದಲಿಸುವ ಕೆಲಸವೇ ಇಲ್ಲ. ಮಂಡಿ ನೋವಿರುವ ನನ್ನಂಥವರಿಗೆ ಬೆಂಗಳೂರು ಟ್ರಾಫಿಕ್ ಆಗಲಿ ಲಾಸ್ ಏಂಜಲೀಸ್ ಟ್ರಾಫಿಕ್ ಆಗಲಿ, ಗಟ್ಟಿ ಕ್ಲಚ್ ಒಂದು ಶಿಕ್ಷೆ.

ವುಡ್‌ವರ್ಡ್_ಕನ್ನಡಿಗ

ಬೇಸರ ಯಾಕೆ ಸರ್, ಸರಿಯಾದ ಮಾತೇ. ಹೈವೇ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಮಾತ್ರ ತೊಂದರೆ ಆಗಿದ್ದರೆ ಎಒಡಿಯೇ ಹಾಕುತ್ತಿದ್ದೆ. ನನಗೆ ಬೇಕಿರುವುದು ಕ್ಲಚ್ಚು ಮತ್ತು ಕೈಯಲ್ಲಿ ಗೇರು. ಅದರ ಜೊತೆಗೆ ಓವರ್‌ಡ್ರೈವ್ ಸಿಕ್ಕರೆ ಸಂತೋಷ.

3.00 ಆಕ್ಸಲ್ ಹಾಗೇ ಇಟ್ಟರೆ ಟಿ-5ರ ಐದನೆಯ ಗೇರು ಉಪಯೋಗಕ್ಕೆ ಬರುತ್ತದಾ?

ಹಳೇಫೋರ್ಡ್

ಲೆಕ್ಕ ಹಾಕೋಣ. ಟೈರಿನ ಎತ್ತರ ಸುಮಾರು 25 ಇಂಚು ಅಂತ ಇಟ್ಟುಕೊಳ್ಳಿ. ಗಂಟೆಗೆ 100 ಕಿ.ಮೀ. ವೇಗದಲ್ಲಿ ನಾಲ್ಕನೆಯ ಗೇರಿನಲ್ಲಿ ಎಂಜಿನ್ ಸುಮಾರು 2500 ಆರ್‌ಪಿಎಂ ಓಡುತ್ತದೆ. ಐದಕ್ಕೆ ಹಾಕಿದರೆ 1700ಕ್ಕೆ ಇಳಿಯುತ್ತದೆ. ಸಮತಟ್ಟಾದ ಮಿಷಿಗನ್ ಹೈವೇಯಲ್ಲಿ ಪರವಾಗಿಲ್ಲ. ಸ್ವಲ್ಪ ಏರು ಬಂದರೆ, ಎದುರುಗಾಳಿ ಬೀಸಿದರೆ ಮತ್ತೆ ನಾಲ್ಕಕ್ಕೆ ಬರಬೇಕು. ಕ್ಯಾಮ್ ಶಾಫ್ಟ್ ಬದಲಿಸಿದ ಎಂಜಿನ್ ಆಗಿದ್ದರೆ ಅಷ್ಟು ಕಮ್ಮಿ ಆರ್‌ಪಿಎಂನಲ್ಲಿ ನಡುಗುತ್ತದೆ.

ಆಕ್ಸಲ್‌ಗೆ 3.55 ಕ್ರೌನ್-ಪಿನಿಯನ್ (ಒಳಗಿನ ಗೇರ್ ಜೋಡಿ) ಹಾಕಿದರೆ ಅದೇ ವೇಗಕ್ಕೆ ನಾಲ್ಕರಲ್ಲಿ ಸುಮಾರು 2950, ಐದರಲ್ಲಿ 2000. ಆಗ ಐದೂ ಗೇರು ಕೆಲಸಕ್ಕೆ ಬರುತ್ತವೆ. 3.25 ನಡುವಿನ ದಾರಿ, ಐದರಲ್ಲಿ ಸುಮಾರು 1850.

ಆದರೆ ಮೊದಲ ಗೇರನ್ನೂ ನೋಡಬೇಕು. ನಿಮ್ಮ ಸಿ-4ರ ಮೊದಲ ಗೇರು 2.46. ಆಕ್ಸಲ್ ಸೇರಿಸಿದರೆ 7.38. ಟಾರ್ಕ್ ಕನ್ವರ್ಟರ್ (ಆಟೋಮ್ಯಾಟಿಕ್‌ನಲ್ಲಿ ಕ್ಲಚ್ಚಿನ ಬದಲು ಇರುವ, ಆಯಿಲ್ ತುಂಬಿದ ಭಾಗ) ಹೊರಡುವಾಗ ಇನ್ನಷ್ಟು ಬಲ ಕೊಡುತ್ತಿತ್ತು, ಅದು ಈಗ ಹೋಯಿತು. ಟಿ-5ರ 3.35ಕ್ಕೆ 3.00 ಸೇರಿದರೆ 10.05. ಹೊರಡಲು ಬಹಳ ಹಿತ. 3.55 ಹಾಕಿದರೆ 11.9 ಆಗುತ್ತದೆ. ಮೊದಲ ಗೇರು ಹಾಕಿದ ಕೂಡಲೇ ಎರಡನೆಯದಕ್ಕೆ ಹೋಗಬೇಕು. 3.55 ಬೇಕು ಅನ್ನುವವರಿಗೆ ಝಡ್-ಸ್ಪೆಕ್ ಚೆನ್ನಾಗಿ ಹೊಂದುತ್ತದೆ, ಅದರ ಮೊದಲ ಗೇರು 2.95.

ನನ್ನ ಸಲಹೆ: ಈಗ 3.00 ಬಿಡಿ. ಒಂದು ಬೇಸಿಗೆ ಓಡಿಸಿ. ಆಮೇಲೆ ಆಕ್ಸಲ್ ಮುಟ್ಟುವ ಬಗ್ಗೆ ಯೋಚಿಸಿ. 8 ಇಂಚಿನ ಆಕ್ಸಲ್‌ನ ಕ್ಯಾರಿಯರ್ (ಗೇರುಗಳಿರುವ ನಡುಭಾಗ) ಮುಂದಿನಿಂದ ಇಡಿಯಾಗಿ ಹೊರಬರುತ್ತದೆ, ಯಾವಾಗ ಬೇಕಾದರೂ ಬದಲಿಸಬಹುದು.

ಹಾಸನದ_ಹುಡುಗ

ನನಗೆ ಈ ಗಾಡಿಗಳನ್ನು ಚಿತ್ರದಲ್ಲಿ ನೋಡಿ ಮಾತ್ರ ಗೊತ್ತು, ಆದರೆ ಓದಲು ಬಹಳ ಆಸಕ್ತಿ. ಒಂದು ಪ್ರಶ್ನೆ ಕೇಳಲಾ? ಎಲ್ಲ ಕಡೆ ಪೈಲಟ್ ಬೇರಿಂಗ್ ಅಂತ ಬರೆದಿರುತ್ತಾರೆ. ಆಟೋಮ್ಯಾಟಿಕ್ ಗಾಡಿಯಲ್ಲಿ ಅದು ಯಾಕೆ ಇರುವುದಿಲ್ಲ?

ಮೋಪಾರ್_440

ಒಳ್ಳೆ ಪ್ರಶ್ನೆ ತಮ್ಮಾ. ಮ್ಯಾನ್ಯುವಲ್ ಬಾಕ್ಸಿನ ಇನ್‌ಪುಟ್ ಶಾಫ್ಟ್ ಉದ್ದವಾಗಿ ಮುಂದಕ್ಕೆ ಚಾಚಿರುತ್ತದೆ. ಅದರ ತುದಿಗೆ ಆಸರೆ ಬೇಕು. ಕ್ರ್ಯಾಂಕ್ ಶಾಫ್ಟಿನ ಹಿಂಭಾಗದ ನಡುವೆ ಒಂದು ತೂತು ಇರುತ್ತದೆ, ಅದರಲ್ಲಿ ಕೂರುವ ಪುಟ್ಟ ಬೇರಿಂಗೇ ಪೈಲಟ್. ಕ್ಲಚ್ ಒತ್ತಿದಾಗ ಕ್ರ್ಯಾಂಕ್ ತಿರುಗುತ್ತಿರುತ್ತದೆ, ಇನ್‌ಪುಟ್ ಶಾಫ್ಟ್ ನಿಂತಿರುತ್ತದೆ. ಎರಡೂ ಒಂದನ್ನೊಂದು ಉಜ್ಜದ ಹಾಗೆ ನೋಡಿಕೊಳ್ಳುವುದು ಅದರ ಕೆಲಸ. ಆಟೋಮ್ಯಾಟಿಕ್‌ನಲ್ಲಿ ಕನ್ವರ್ಟರ್‌ನ ಮೂಗು ನೇರ ಕ್ರ್ಯಾಂಕಿನ ಒಳಗೆ ಕೂತು ಕ್ರ್ಯಾಂಕಿನ ಜೊತೆಗೇ ತಿರುಗುತ್ತದೆ. ಹಾಗಾಗಿ ಪೈಲಟ್ ಬೇಡ.

ನಮ್ಮ ಕ್ರೈಸ್ಲರ್ ಗಾಡಿಗಳಲ್ಲಿ ಇದೇ ದೊಡ್ಡ ತಲೆನೋವು. ನನ್ನದು 1970ರ ಡಾಡ್ಜ್ ಚಾಲೆಂಜರ್. 440 ಎಂಜಿನ್, 727 ಟಾರ್ಕ್‌ಫ್ಲೈಟ್ ಆಟೋಮ್ಯಾಟಿಕ್ ತೆಗೆದು ಎ-833 ನಾಲ್ಕು ಗೇರ್ ಹಾಕಿಸಿದ್ದು. ಆಟೋಮ್ಯಾಟಿಕ್ ಜೊತೆ ಬಂದ ಎಷ್ಟೋ ಕ್ರೈಸ್ಲರ್ ಕ್ರ್ಯಾಂಕ್‌ಗಳಲ್ಲಿ ಪೈಲಟ್ ತೂತನ್ನು ಫ್ಯಾಕ್ಟರಿಯಲ್ಲಿ ಪೂರ್ತಿ ಕೊರೆದು ಅಳತೆಗೆ ತಂದಿರುವುದಿಲ್ಲ. ಆಗ ಎರಡು ದಾರಿ. ಎಂಜಿನ್ ಬಿಚ್ಚಿ ಕ್ರ್ಯಾಂಕನ್ನು ಮೆಷೀನ್ ಶಾಪಿಗೆ ಕೊಡಬೇಕು. ಇಲ್ಲದಿದ್ದರೆ ಕನ್ವರ್ಟರ್ ಕೂರುವ ದೊಡ್ಡ ಜಾಗದಲ್ಲೇ ಹಿಡಿಯುವ ರೋಲರ್ ಬೇರಿಂಗ್ ಹಾಕಿ, ಬೇಕಾದರೆ ಇನ್‌ಪುಟ್ ಶಾಫ್ಟಿನ ತುದಿಯನ್ನು ಸ್ವಲ್ಪ ಕತ್ತರಿಸಬೇಕು. ನಾನು ಎರಡನೆಯದನ್ನು ಮಾಡಿಸಿದೆ, ಚೆನ್ನಾಗಿ ಓಡುತ್ತಿದೆ.

ಅಷ್ಟಕ್ಕೇ ಮುಗಿಯಲಿಲ್ಲ. ಚಾಲೆಂಜರ್‌ನಲ್ಲಿ ನಾಲ್ಕು ಗೇರಿನ ಗಾಡಿಗಳ ಫ್ಲೋರಿಗೆ ಬೇರೆಯೇ ಉಬ್ಬು ಇರುತ್ತದೆ. ಅದನ್ನು ತಂದು, ನಿಮ್ಮ ಗಾಡಿಯ ಫ್ಲೋರ್ ಕತ್ತರಿಸಿ ವೆಲ್ಡ್ ಮಾಡಬೇಕು. ಅಚ್ಚುಕಟ್ಟಾದ ಗಾಡಿಯ ಫ್ಲೋರಿಗೆ ಗರಗಸ ಹಾಕಲು ಧೈರ್ಯ ಬೇಕು. ಇನ್‌ಪುಟ್ ಶಾಫ್ಟಿನಲ್ಲೂ 18 ಹಲ್ಲಿನದು, 23 ಹಲ್ಲಿನದು ಅಂತ ಎರಡು ಬಗೆ. 440 ಮತ್ತು ಹೆಮಿ ಎಂಜಿನ್‌ಗೆ ಬರುತ್ತಿದ್ದದ್ದು 18ರದು. ಕ್ಲಚ್ ಪ್ಲೇಟ್ ಕೊಳ್ಳುವ ಮೊದಲು ಎಣಿಸಿ. ಅವರ ಫೋರ್ಡ್ ಕೆಲಸ ಇದರ ಮುಂದೆ ಸುಲಭ.

ಹಳೇಫೋರ್ಡ್

ಮೋಪಾರ್ ಸರ್ ಸರಿಯಾಗಿ ಹೇಳಿದರು. ಈಗ ಫೋರ್ಡ್‌ನ ತಲೆನೋವುಗಳು.

ಮೊದಲನೆಯದು ಫ್ಲೈವೀಲ್. 289 ಮತ್ತು ಹಳೆ 302 ಎಂಜಿನ್‌ಗಳು 28 ಔನ್ಸ್-ಇಂಚು ಬ್ಯಾಲೆನ್ಸ್‌ನವು, ಅಂದರೆ ಕ್ರ್ಯಾಂಕನ್ನು ಸರಿದೂಗಿಸಲು ಫ್ಲೈವೀಲಿನ ಒಂದು ಬದಿಗೆ ಅಷ್ಟು ಭಾರ ಜಾಸ್ತಿ ಇರುತ್ತದೆ. 1982ರಿಂದ ಬಂದ 5.0 ಎಂಜಿನ್‌ಗಳದ್ದು 50. ಟಿ-5 ತೆಗೆದ ಗಾಡಿಯಿಂದಲೇ ಫ್ಲೈವೀಲನ್ನೂ ತಂದು ಹಾಕುವವರು ಬಹಳ. ಬೋಲ್ಟ್ ಎಲ್ಲ ಸರಿಯಾಗಿ ಕೂರುತ್ತವೆ, ಅದೇ ಅಪಾಯ. ಸ್ಟಾರ್ಟ್ ಮಾಡಿದರೆ ಇಡೀ ಗಾಡಿ ಅದುರುತ್ತದೆ. ಹಾಗೇ ಓಡಿಸಿದರೆ ಎಂಜಿನ್ ಬೇರಿಂಗ್ ಹೋಗುತ್ತವೆ. 157 ಹಲ್ಲಿನ 28 ಔನ್ಸ್ ಫ್ಲೈವೀಲ್ ಅಂತ ಬಾಯಿಬಿಟ್ಟು ಕೇಳಿ ತನ್ನಿ. ಸೆಲ್ಫ್ ಮೋಟಾರ್, ಎಂಜಿನ್ ಮತ್ತು ಬೆಲ್ ಹೌಸಿಂಗ್ ನಡುವೆ ಬರುವ ತಗಡಿನ ಪ್ಲೇಟ್, ಈ ಎರಡೂ ಫ್ಲೈವೀಲ್ ಮತ್ತು ಬೆಲ್ ಹೌಸಿಂಗಿಗೆ ಹೊಂದುವಂಥದ್ದೇ ಇರಬೇಕು. ಆಟೋಮ್ಯಾಟಿಕ್‌ನ ಪ್ಲೇಟ್ ಬೇರೆ.

ಎರಡನೆಯದು ಪೆಡಲ್. ನೇತಾಡುವ ಪೆಡಲ್ ಸಪೋರ್ಟ್ ಇಡಿಯಾಗಿ ಬದಲಾಗುತ್ತದೆ. 1965-66ರದು ನಿಮ್ಮ 68ಕ್ಕೆ ಆಗುವುದಿಲ್ಲ. ಪವರ್ ಬ್ರೇಕ್ ಇದೆ ಅಂದಿರಿ, ಅದಕ್ಕೆ ಹೊಂದುವ ಬ್ರೇಕ್ ಪೆಡಲ್ ಬೇಕು, ಸಾದಾ ಬ್ರೇಕಿನದು ತರಬೇಡಿ. ಹಳೆ ಸಪೋರ್ಟ್ ಸಿಕ್ಕರೆ ಕ್ಲಚ್ ಪೆಡಲ್ ತಿರುಗುವ ಬುಶ್ ಸವೆದೇ ಇರುತ್ತದೆ. ಡ್ಯಾಶ್ ಕೆಳಗೆ ಹಾಕುವ ಮೊದಲೇ ಅದನ್ನು ರೋಲರ್ ಬೇರಿಂಗಿಗೆ ಬದಲಿಸಿ. ಸೀಟು ಬಿಚ್ಚಿ, ಸ್ಟೀರಿಂಗ್ ಕಾಲಂ ಇಳಿಸಿ, ಅಂಗಾತ ಮಲಗಿ ಮಾಡುವ ಕೆಲಸ ಅದು. ಇನ್ನೊಂದು ಸಲ ಮಾಡಲು ಯಾರಿಗೂ ಮನಸ್ಸು ಬರುವುದಿಲ್ಲ.

ಮೂರನೆಯದು ಕ್ಲಚ್ ಲಿಂಕೇಜ್. ಫ್ಯಾಕ್ಟರಿಯಲ್ಲಿ ಝಡ್ ಬಾರ್ ಇರುತ್ತಿತ್ತು. ಪೆಡಲ್ ರಾಡ್ ಆ ಬಾರನ್ನು ತಿರುಗಿಸುತ್ತದೆ, ಬಾರ್ ಕ್ಲಚ್ ಫೋರ್ಕನ್ನು (ಕ್ಲಚ್ ಬಿಡಿಸುವ ಸನ್ನೆಯನ್ನು) ಹಿಂದಕ್ಕೆ ತಳ್ಳುತ್ತದೆ. 5.0 ಮಸ್ಟಾಂಗ್‌ನಲ್ಲಿ ಕೇಬಲ್ ಇತ್ತು, ಅದು ಫೋರ್ಕನ್ನು ಮುಂದಕ್ಕೆ ಎಳೆಯುತ್ತದೆ. ಹಾಗಾಗಿ ಒಂದರ ಬೆಲ್ ಹೌಸಿಂಗ್, ಇನ್ನೊಂದರ ಫೋರ್ಕ್ ಸೇರಿಸಲು ಬರುವುದಿಲ್ಲ. ಹಳೆ ಟಾಪ್‌ಲೋಡರ್ ಬೆಲ್ ಹೌಸಿಂಗ್ ಇಟ್ಟು ಅಡಾಪ್ಟರ್ ಪ್ಲೇಟ್ ಮೂಲಕ ಟಿ-5 ಹಾಕಿದರೆ ಝಡ್ ಬಾರ್ ಉಳಿಸಿಕೊಳ್ಳಬಹುದು. 5.0 ಬೆಲ್ ಹೌಸಿಂಗ್ ಇಟ್ಟರೆ ಕೇಬಲ್ ಕಿಟ್. ನಿಮ್ಮ ಗಾಡಿಗೆ ಹೆಡರ್ (ಹೊಗೆ ಸರಾಗವಾಗಿ ಹೋಗಲು ಎಂಜಿನ್ನಿಗೆ ಹಾಕುವ ಉದ್ದ ಪೈಪುಗಳು) ಹಾಕಿದ್ದಾರಾ? ಇದ್ದರೆ ಝಡ್ ಬಾರ್ ಅದಕ್ಕೆ ತಗಲುವ ಸಾಧ್ಯತೆ ಜಾಸ್ತಿ.

ಕಮಾರೊ_ಅಕ್ಕ

ಹೈಡ್ರಾಲಿಕ್ ಕ್ಲಚ್ (ಫ್ಲೂಯಿಡ್ ಒತ್ತಡದಿಂದ ನಡೆಯುವುದು) ಯಾಕೆ ಹೇಳಲಿಲ್ಲ? ನಮ್ಮದರಲ್ಲಿ ಅದೇ ಇರುವುದು. ಪೆಡಲ್ ಮೆತ್ತಗಿದೆ. ಹೆಡರ್ ಜೊತೆ ಜಗಳವೇ ಇಲ್ಲ.

ಹಳೇಫೋರ್ಡ್

ಒಳ್ಳೆಯದೇ ಅಕ್ಕಾ. ಎರಡು ಎಚ್ಚರಿಕೆ ಮಾತ್ರ. ಪೆಡಲ್ ಒತ್ತುವ ಮಾಸ್ಟರ್ ಸಿಲಿಂಡರ್ ಹಿಡಿಯುವ ಫೈರ್‌ವಾಲ್ (ಎಂಜಿನ್ನಿಗೂ ಗಾಡಿಯ ಒಳಗಿಗೂ ನಡುವಿನ ಗೋಡೆ) ಜಾಗ ಗಟ್ಟಿಯಾಗಿರಬೇಕು. ಬರೀ ತಗಡಿಗೆ ಬಿಗಿದರೆ ಪ್ರತಿ ಸಲ ಒತ್ತಿದಾಗಲೂ ಬಾಗಿ ಬಾಗಿ ಬಿರುಕು ಬಿಡುತ್ತದೆ. ಇನ್ನೊಂದು, ಬೆಲ್ ಹೌಸಿಂಗ್ ಒಳಗೆ ಕೂರುವ ಹೈಡ್ರಾಲಿಕ್ ಬೇರಿಂಗ್ ಸೋರಿದರೆ ಗೇರ್ ಬಾಕ್ಸ್ ಇಳಿಸಲೇಬೇಕು. ಹೊರಗಡೆ ಸ್ಲೇವ್ ಸಿಲಿಂಡರ್ (ಫೋರ್ಕನ್ನು ತಳ್ಳುವ ಸಿಲಿಂಡರ್) ಇರುವಂಥದ್ದು ಸಿಕ್ಕರೆ ನನಗೆ ಅದು ಹೆಚ್ಚು ಇಷ್ಟ.

ಈಗ ಬಹಳ ಜನ ಬಿಟ್ಟುಬಿಡುವ ಕೆಲಸಕ್ಕೆ ಬರುತ್ತೇನೆ. ಇದನ್ನು ಬಿಡಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಬೆಲ್ ಹೌಸಿಂಗ್ ಎಂಜಿನ್ನಿಗೆ ಬಿಗಿದ ಮೇಲೆ, ಅದರ ಹಿಂದಿನ ದೊಡ್ಡ ತೂತು ಕ್ರ್ಯಾಂಕಿನ ನಡುಗೆರೆಗೆ ಸರಿಯಾಗಿ ಬಂದಿದೆಯಾ ಅಂತ ಡಯಲ್ ಇಂಡಿಕೇಟರ್‌ನಿಂದ ಅಳೆಯಬೇಕು. ಇಂಡಿಕೇಟರನ್ನು ಫ್ಲೈವೀಲಿಗೆ ಹಿಡಿಸಿ, ಎಂಜಿನ್ನನ್ನು ಕೈಯಲ್ಲಿ ಪೂರ್ತಿ ಒಂದು ಸುತ್ತು ತಿರುಗಿಸಿ. ಮುಳ್ಳಿನ ಒಟ್ಟು ಓಡಾಟ 0.005 ಇಂಚಿನ ಒಳಗೆ ಇರಬೇಕು. ಜಾಸ್ತಿ ಇದ್ದರೆ ಬ್ಲಾಕಿನ ಡೋವೆಲ್ ಪಿನ್ (ಬೆಲ್ ಹೌಸಿಂಗನ್ನು ಸರಿಯಾದ ಜಾಗದಲ್ಲಿ ಕೂರಿಸುವ ಪಿನ್) ತೆಗೆದು ಆಫ್‌ಸೆಟ್ ಪಿನ್ ಹಾಕಬೇಕು. 0.007, 0.014, 0.021 ಇಂಚಿನವು ಸಿಗುತ್ತವೆ.

ಪರಿಚಯದವರ ಒಂದು ಗಾಡಿಗೆ ಒಂದು ಗ್ಯಾರೇಜಿನವರು ಇದನ್ನು ಅಳೆಯದೇ ಹೊಸ ಬಾಕ್ಸ್ ಕೂರಿಸಿದ್ದರು. ಗೇರ್ ಬೀಳಲು ಒದ್ದಾಡುತ್ತಿತ್ತು, ಹೈವೇಯಲ್ಲಿ ತಾನಾಗಿ ನ್ಯೂಟ್ರಲ್‌ಗೆ ಹಾರುತ್ತಿತ್ತು. ಅವರು ಬಾಕ್ಸೇ ಕೆಟ್ಟದ್ದು ಅಂದುಕೊಂಡರು. ಇಳಿಸಿ ಅಳೆದಾಗ ಓಡಾಟ ಮಿತಿಗಿಂತ ಎಷ್ಟೋ ಪಾಲು ಜಾಸ್ತಿ ಇತ್ತು. ಪಿನ್ ಬದಲಿಸಿದ ಮೇಲೆ ಅದೇ ಬಾಕ್ಸ್ ಬೆಣ್ಣೆಯ ಹಾಗೆ ಓಡಿತು.

ವುಡ್‌ವರ್ಡ್_ಕನ್ನಡಿಗ

ಇಷ್ಟು ವಿವರ ಇಂಗ್ಲಿಷಿನಲ್ಲೂ ಒಂದೇ ಕಡೆ ಸಿಕ್ಕಿರಲಿಲ್ಲ. ಎಲ್ಲರಿಗೂ ಧನ್ಯವಾದ. ಗಾಡಿಗೆ ಹೆಡರ್ ಇದೆ. ಹಾಗಾಗಿ ಝಡ್ ಬಾರ್ ಬಿಟ್ಟು ಕೇಬಲ್ ಕಡೆ ನೋಡುತ್ತಿದ್ದೇನೆ.

ವೈರಿಂಗ್ ಏನಾದರೂ ಬದಲಿಸಬೇಕಾ? ಡ್ರೈವ್ ಶಾಫ್ಟ್?

ಹಳೇಫೋರ್ಡ್

ಡ್ರೈವ್ ಶಾಫ್ಟ್ ವಿಷಯದಲ್ಲಿ ನಿಮಗೆ ಅದೃಷ್ಟ ಇದೆ. ಸಿ-4, ಟಿ-5 ಎರಡರ ಔಟ್‌ಪುಟ್ ಶಾಫ್ಟಿಗೂ 28 ಹಲ್ಲು. ಇರುವ ಸ್ಲಿಪ್ ಯೋಕ್ (ಡ್ರೈವ್ ಶಾಫ್ಟಿನ ಮುಂದಿನ ತುದಿ) ಕೂರುತ್ತದೆ. ಉದ್ದವನ್ನು ಮಾತ್ರ ಹೊಸ ಬಾಕ್ಸ್ ಕೂತ ಮೇಲೆ, ಗಾಡಿಯ ಭಾರ ಚಕ್ರದ ಮೇಲಿರುವಾಗ ಅಳೆದು ನೋಡಿ. ಗೇರ್ ಬಾಕ್ಸ್ ಹಿಡಿಯುವ ಕ್ರಾಸ್‌ಮೆಂಬರ್ ಟಿ-5ರದು ಬೇರೆ ಬೇಕು. ಶಿಫ್ಟರ್ ಬರುವ ಜಾಗಕ್ಕೆ ಟನಲ್ ಸ್ವಲ್ಪ ಕತ್ತರಿಸಬೇಕಾಗಬಹುದು.

ಸಿ-4ಗೆ ಇನ್‌ಟೇಕ್ ಮ್ಯಾನಿಫೋಲ್ಡ್‌ನಿಂದ ಒಂದು ವ್ಯಾಕ್ಯೂಮ್ ಪೈಪ್ ಹೋಗಿರುತ್ತದೆ. ಅದನ್ನು ಮುಚ್ಚದಿದ್ದರೆ ಎಂಜಿನ್ ಗಾಳಿ ಎಳೆದುಕೊಂಡು ಐಡಲ್ ಕೆಡುತ್ತದೆ. ರೇಡಿಯೇಟರಿಗೆ ಹೋಗುವ ಆಯಿಲ್ ಪೈಪ್‌ಗಳನ್ನು ತೆಗೆದು ಆ ತೂತುಗಳಿಗೆ ಪ್ಲಗ್ ಹಾಕಿ. ಕಿಕ್‌ಡೌನ್ ರಾಡ್ (ಆಕ್ಸಲರೇಟರ್ ಪೂರ್ತಿ ಒತ್ತಿದಾಗ ಸಿ-4ರ ಗೇರ್ ಇಳಿಸುವ ಸರಳು) ಬೇಡ. ಸ್ಪೀಡೋಮೀಟರ್ ಕೇಬಲಿನ ಪ್ಲಾಸ್ಟಿಕ್ ಗೇರನ್ನು ಟಿ-5 ಮತ್ತು ಆಕ್ಸಲ್ ರೇಶಿಯೋ ನೋಡಿ ಆರಿಸಿ.

ಮೋಪಾರ್_440

ವೈರಿಂಗ್ ಬಗ್ಗೆ ನಾನು ಹೇಳುತ್ತೇನೆ, ಯಾಕೆಂದರೆ ಇದು ಪ್ರಾಣದ ವಿಷಯ. ಆಟೋಮ್ಯಾಟಿಕ್ ಗಾಡಿ ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿ ಮಾತ್ರ ಸ್ಟಾರ್ಟ್ ಆಗಲು ಒಂದು ಸ್ವಿಚ್ ಇರುತ್ತದೆ. ಬಾಕ್ಸ್ ತೆಗೆದ ಮೇಲೆ ಸೆಲ್ಫ್ ಹೊಡೆಯುವುದಿಲ್ಲ. ಆಗ ಎಲ್ಲರೂ ಆ ಎರಡು ವೈರನ್ನು ಸುಮ್ನೆ ಜೋಡಿಸಿಬಿಡುತ್ತಾರೆ. ಸ್ಟಾರ್ಟ್ ಆಗುತ್ತದೆ, ನಿಜ. ಆದರೆ ಗೇರಿನಲ್ಲಿದ್ದರೂ ಸ್ಟಾರ್ಟ್ ಆಗುತ್ತದೆ. ಗ್ಯಾರೇಜಿನಲ್ಲಿ ಗಾಡಿ ಮುಂದಕ್ಕೆ ನೆಗೆದರೆ ಎದುರಿಗೆ ಯಾರಿದ್ದಾರೋ ಯಾರಿಗೆ ಗೊತ್ತು. ಅದೇ ಎರಡು ವೈರಿನ ನಡುವೆ ಕ್ಲಚ್ ಪೆಡಲ್ ಸ್ವಿಚ್ ಹಾಕಿ. ಕ್ಲಚ್ ಪೂರ್ತಿ ಒತ್ತಿದರೆ ಮಾತ್ರ ಸ್ಟಾರ್ಟ್ ಆಗಬೇಕು. ಚಿಕ್ಕ ಸಾಮಾನು, ಪೆಡಲ್ ಸಪೋರ್ಟ್ ಹೊರಗಿರುವಾಗಲೇ ಬ್ರಾಕೆಟ್ ಮಾಡಿಕೊಳ್ಳಿ.

ರಿವರ್ಸ್ ಲೈಟಿನ ವೈರನ್ನು ಹೊಸ ಬಾಕ್ಸಿನ ಸ್ವಿಚ್ಚಿಗೆ ಕೊಡಿ.

ಮನೆಯಲ್ಲಿ ಮಾಡಬಹುದಾ ಅಂತ ಕೇಳಿದ್ದಿರಿ. ಮಾಡಬಹುದು. ಆದರೆ ಬರೀ ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಹೋಗಬೇಡಿ. ನಾಲ್ಕೂ ಕಡೆ ಒಳ್ಳೆ ಸ್ಟ್ಯಾಂಡ್, ಗಟ್ಟಿ ಕಾಂಕ್ರೀಟ್ ನೆಲ. ಸಿ-4 ಇಳಿಸಲು ಗೇರ್ ಬಾಕ್ಸ್ ಜ್ಯಾಕನ್ನು ಬಾಡಿಗೆಗೆ ತನ್ನಿ. ಕನ್ವರ್ಟರ್ ಒಳಗೆ ಆಯಿಲ್ ತುಂಬಿರುತ್ತದೆ, ಅದನ್ನು ಬಾಕ್ಸಿನ ಜೊತೆಗೇ ಇಳಿಸಿ. ಹಿಂದಿನ ಮೌಂಟ್ ಬಿಚ್ಚುವ ಮೊದಲು ಎಂಜಿನ್ನಿಗೆ ಕೆಳಗಿನಿಂದ ಆಸರೆ ಕೊಡಿ.

ಕ್ಯಾಲಿ_ಕನ್ನಡ

ಬೆಲೆಯ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ನನ್ನ ಅಭಿಪ್ರಾಯ ಹೇಳುತ್ತೇನೆ. ಬಾಗಿಲ ಮೇಲಿನ ಡೇಟಾ ಪ್ಲೇಟ್‌ನಲ್ಲಿ ಬಾಕ್ಸಿನ ಕೋಡ್ ಇರುತ್ತದೆ. 1968ರಲ್ಲಿ ಸಿ-4ಗೆ ಡಬ್ಲ್ಯೂ, ನಾಲ್ಕು ಗೇರಿನ ಮ್ಯಾನ್ಯುವಲ್‌ಗೆ 5. 1967ರ ನಂತರದ ಫೋರ್ಡ್‌ಗಳಿಗೆ ಮಾರ್ಟಿ ರಿಪೋರ್ಟ್ ಕೂಡ ಸಿಗುತ್ತದೆ, ಫೋರ್ಡ್‌ನ ದಾಖಲೆಯಿಂದಲೇ ಗಾಡಿ ಹೇಗೆ ಹೊರಬಂತು ಅಂತ ತಿಳಿಸುತ್ತದೆ. ಹಾಗಾಗಿ ಬದಲಿಸಿದ್ದು ಮುಚ್ಚಿಡುವಂಥದ್ದಲ್ಲ, ಮುಚ್ಚಿಡಲೂ ಬಾರದು. ನಿಮ್ಮದು ಅಪರೂಪದ ಮಾಡೆಲ್ ಆಗಿದ್ದು, ಎಲ್ಲವೂ ಮೂಲದ್ದೇ ಆಗಿದ್ದರೆ ನಾನು ಖಂಡಿತ ಬೇಡ ಅನ್ನುತ್ತಿದ್ದೆ. ಹೆಡರ್ ಹಾಕಿ ಓಡಿಸುತ್ತಿರುವ 302 ಅಂದಮೇಲೆ, ಓಡಿಸಿ ಖುಷಿಪಡಿ. ಆದರೆ ಸಿ-4, ಕನ್ವರ್ಟರ್, ಹಳೆ ಪೆಡಲ್, ಶಿಫ್ಟರ್ ಯಾವುದನ್ನೂ ಮಾರಬೇಡಿ. ಹೆಸರು ಬರೆದು ಡಬ್ಬಿಯಲ್ಲಿಡಿ. ಕತ್ತರಿಸಿದ ಟನಲ್ ತುಂಡನ್ನೂ ಇಡಿ. ಮುಂದೆ ಕೊಳ್ಳುವವರು ಹಳೆಯ ಹಾಗೆ ಮಾಡಬೇಕು ಅಂದರೆ ಅವರಿಗೆ ದಾರಿ ಇರಲಿ.

ವುಡ್‌ವರ್ಡ್_ಕನ್ನಡಿಗ

ಇದು ನನಗೆ ತುಂಬಾ ಹಿಡಿಸಿತು ಸರ್. ಎಲ್ಲವನ್ನೂ ಇಟ್ಟುಕೊಳ್ಳುತ್ತೇನೆ.

ಒಂದು ಕೊನೆಯ ಅನುಮಾನ. ಸೆಲ್ಫ್ ಮೋಟಾರಿನ ಹತ್ತಿರ ಬ್ಲಾಕಿನ ಮೇಲಿನ ಎರಕದ ನಂಬರು ನೋಡಿದೆ. ಸಿ8 ಅಂತ ಶುರುವಾಗುತ್ತದೆ. ಅಂದರೆ 28 ಔನ್ಸ್ ಅಂತ ಧೈರ್ಯವಾಗಿ ಫ್ಲೈವೀಲ್ ತರಿಸಬಹುದಾ?

ಹಳೇಫೋರ್ಡ್

ಸಿ ಅಂದರೆ 1960ರ ದಶಕ, 8 ಅಂದರೆ 68. ಬ್ಲಾಕಿನ ವಿನ್ಯಾಸ ಆ ಕಾಲದ್ದು ಅಂತ ಮಾತ್ರ ಇದರಿಂದ ಗೊತ್ತಾಗುತ್ತದೆ. ಐವತ್ತಕ್ಕೂ ಜಾಸ್ತಿ ವರ್ಷದಲ್ಲಿ ಒಳಗಿನ ಕ್ರ್ಯಾಂಕ್ ಯಾರಾದರೂ ಬದಲಿಸಿರಬಹುದು. ಈಗ ಎಂಜಿನ್ ಅದುರದೆ ನಯವಾಗಿ ಓಡುತ್ತಿದೆ ಅಲ್ವಾ? ಹಾಗಾದರೆ ಈಗಿರುವ ಫ್ಲೆಕ್ಸ್‌ಪ್ಲೇಟೇ (ಆಟೋಮ್ಯಾಟಿಕ್‌ನಲ್ಲಿ ಫ್ಲೈವೀಲಿನ ಜಾಗದಲ್ಲಿರುವ ತೆಳು ತಟ್ಟೆ) ಸಾಕ್ಷಿ. ಸಿ-4 ಇಳಿಸಿದ ಮೇಲೆ ಆ ಫ್ಲೆಕ್ಸ್‌ಪ್ಲೇಟ್ ಮತ್ತು ಹೊಸ ಫ್ಲೈವೀಲ್ ಎರಡನ್ನೂ ಮೆಷೀನ್ ಶಾಪಿಗೆ ತೆಗೆದುಕೊಂಡು ಹೋಗಿ, ಹಳೆ ಫ್ಲೆಕ್ಸ್‌ಪ್ಲೇಟಿಗೆ ಹೊಸ ಫ್ಲೈವೀಲನ್ನು ಹೊಂದಿಸಿ ಬ್ಯಾಲೆನ್ಸ್ ಮಾಡಿಕೊಡಿ ಅನ್ನಿ. ಬಹಳ ಅಂಗಡಿಗಳಲ್ಲಿ ಮಾಡಿಕೊಡುತ್ತಾರೆ.

ಫ್ಲೈವೀಲ್ ಬೋಲ್ಟ್ 75ರಿಂದ 85 ಪೌಂಡ್-ಅಡಿ. ಮರೆಯುವ ಮೊದಲೇ ಇದನ್ನೂ ಹೇಳಿಬಿಡುತ್ತೇನೆ: ವರ್ಲ್ಡ್ ಕ್ಲಾಸ್ ಟಿ-5ಗೆ ದಪ್ಪ ಗೇರ್ ಆಯಿಲ್ ಹಾಕಬೇಡಿ, ಎಟಿಎಫ್ (ಆಟೋಮ್ಯಾಟಿಕ್ ಬಾಕ್ಸಿಗೆ ಹಾಕುವ ತೆಳು ಆಯಿಲ್) ಹಾಕಿ. ಅದರ ಸಿಂಕ್ರೊ ರಿಂಗ್‌ಗಳಿಗೆ (ಗೇರು ಬೀಳುವಾಗ ವೇಗ ಹೊಂದಿಸುವ ಬಳೆಗಳಿಗೆ) ಬೇಕಿರುವುದು ಅದೇ. ಟಾಪ್‌ಲೋಡರ್ ಹಾಕಿದ್ದರೆ 80ಡಬ್ಲ್ಯೂ-90 ಅನ್ನುತ್ತಿದ್ದೆ. ಹೊಸ ಕ್ಲಚ್ಚಿಗೆ ಮೊದಲ 500 ಮೈಲಿ ಊರೊಳಗಿನ ಮೆತ್ತನೆಯ ಓಡಾಟ ಕೊಡಿ, ಜೋರಾಗಿ ಹೊರಡುವುದು ಆಮೇಲೆ. ಆಗಸ್ಟಿನ ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ (ಮಿಷಿಗನ್‌ನ ಹಳೆ ಗಾಡಿಗಳ ಮೆರವಣಿಗೆಗೆ) ತರಬೇಕು ಅಂದರೆ ಚಳಿಗಾಲದಲ್ಲೇ ಪೆಡಲ್ ಸಪೋರ್ಟ್ ಹುಡುಕಲು ಶುರು ಮಾಡಿ, ಎಲ್ಲಕ್ಕಿಂತ ತಡವಾಗಿ ಸಿಗುವ ಸಾಮಾನು ಅದೇ.